ಅಂಚಿನ ಮೇವು

ಕಳೆದ ಭಾದ್ರಪದದಲ್ಲಿ ಬಾಗಳಿ ಕಡೆಯ ಒಂದು ಹೊಲಕ್ಕೆ ಹೋಗಿದ್ದೆ. ಮನಸ್ಸಿದ್ದು ಹೋದದ್ದಲ್ಲ. ಮೂವತ್ತು ವರ್ಷ ಪಶು ಆಸ್ಪತ್ರೆಯ ನೌಕರಿ ಮಾಡಿ, ಊರೂರ ಕೊಟ್ಟಿಗೆ ಸುತ್ತಿ, ನಿವೃತ್ತನಾದ ದಿನ ಮನೆಗೆ ಬಂದು ತಲೆಯ ಮೇಲೆ ಬಿಸಿನೀರು ಹೊಯ್ದುಕೊಳ್ಳುವಾಗಲೇ ಇನ್ನು ಸಗಣಿಯ ಸಹವಾಸ ಸಾಕು ಅಂದುಕೊಂಡವನು ನಾನು. ಆದರೆ ಹಳೆಯ ಸಹೋದ್ಯೋಗಿಯೊಬ್ಬರ ಮಗ ಮಂಜುನಾಥ ಹತ್ತು ಹಸು ಕಟ್ಟಿದ್ದಾನೆ, ‘ಒಂದ್ಸಲ ಬಂದು ನೋಡಿ ಹೋಗ್ರಿ ಸಾರ್’ ಅಂತ ಬೆನ್ನು ಹತ್ತಿದ್ದ. ಹರಪನಹಳ್ಳಿ ಬಸ್ ನಿಲ್ದಾಣಕ್ಕೆ ತಾನೇ ಬೈಕ್ ತಂದು ನಿಂತಿದ್ದ. ಇಲ್ಲ ಅನ್ನಲಾಗಲಿಲ್ಲ.

ಅವನ ಹೊಲದಲ್ಲಿ ಸಿಮೆಂಟಿನ ಗೋಡೆ ಎಬ್ಬಿಸಿದ ಎರಡು ರಸಮೇವಿನ ಗುಂಡಿಗಳಿದ್ದವು, ಹಸಿ ಮೇವನ್ನು ಗಾಳಿಯಾಡದಂತೆ ಮುಚ್ಚಿ ಬೇಸಿಗೆಗೆ ಹುಳಿಸಿಡುವಂಥವು. ಒಂದಕ್ಕೆ ಆ ದಿನ ಮೇವು ತುಂಬುತ್ತಿದ್ದರು. ಹಸಿ ಮೆಕ್ಕೆಜೋಳವನ್ನು ತೆನೆ ಸಮೇತ ಕೊಚ್ಚಿ ಸುರಿಯುವುದು, ಟ್ರ್ಯಾಕ್ಟರ್ ಅದರ ಮೇಲೆ ಹಿಂದಕ್ಕೂ ಮುಂದಕ್ಕೂ ಓಡಾಡಿ ಅದುಮುವುದು. ಇನ್ನೊಂದು ಹೋದ ವರ್ಷದ್ದು, ಬಾಯಿ ತೆರೆದು ಅರ್ಧ ಖಾಲಿಯಾಗಿತ್ತು. ಅದರ ಹತ್ತಿರ ಹೋದೊಡನೆ ಹುಳಿಗೆ ಬಂದ ಹಿಟ್ಟಿಗೆ ಬೆಲ್ಲದ ನೀರು ಬೆರೆಸಿದಂಥ ವಾಸನೆ ಬಂತು. ಒಳ್ಳೆಯ ರಸಮೇವಿನ ವಾಸನೆ ಅದು, ನನಗೆ ಹೊಸದಲ್ಲ. ಆದರೆ ಗೋಡೆಯ ಮಗ್ಗುಲಿಗೆ ಬಾಗಿದಾಗ ಬೇರೆ ವಾಸನೆ ಮೂಗಿಗೆ ಬಡಿಯಿತು. ಮುಗ್ಗಲು. ಹಸಿ ಗೋಣಿಚೀಲವನ್ನು ವಾರಗಟ್ಟಲೆ ಮೂಲೆಗೆ ಹಾಕಿ ಮರೆತಂಥ, ಗಂಟಲಿಗೆ ಅಂಟಿಕೊಳ್ಳುವಂಥ ವಾಸನೆ. ನಾನು ಅಲ್ಲೇ ಗೋಡೆ ಹಿಡಿದು ನಿಂತೆ. ಮಂಜುನಾಥ ಬಿಸಿಲು ಹತ್ತಿತೇನೋ ಅಂತ ನೀರು ತರಲು ಓಡಿದ.

ಬಿಸಿಲು ಹತ್ತಿರಲಿಲ್ಲ. ಇಪ್ಪತ್ತು ವರ್ಷಕ್ಕೂ ಹಿಂದಿನ ಒಂದು ಮಳೆಗಾಲ ಬಂದು ಎದುರಿಗೆ ನಿಂತಿತ್ತು.

ಆಗ ನನಗೆ ಕೊಟ್ಟೂರು–ಹರಪನಹಳ್ಳಿ ನಡುವಿನ ಒಂದು ಹಳ್ಳಿಯ ಪಶು ಆಸ್ಪತ್ರೆಗೆ ವರ್ಗವಾಗಿತ್ತು. ಆಸ್ಪತ್ರೆ ಅಂದರೆ ಒಂದು ಕೋಣೆ, ಒಂದು ಕಬ್ಬಿಣದ ಕಪಾಟು, ಹೊರಗೆ ದನ ಕಟ್ಟಿ ಚುಚ್ಚುಮದ್ದು ಕೊಡುವ ಮರದ ಚೌಕಟ್ಟು. ಡಾಕ್ಟರು ವಾರಕ್ಕೆರಡು ದಿನ ಬರುತ್ತಿದ್ದರು. ಉಳಿದ ದಿನ ನಾನೇ. ನಾನು ಡಾಕ್ಟರಲ್ಲ, ಬರೀ ಸಹಾಯಕ. ಆದರೆ ಹಳ್ಳಿಯಲ್ಲಿ ಔಷಧಿ ಚೀಲ ಹೆಗಲಿಗೆ ಹಾಕಿಕೊಂಡವರೆಲ್ಲ ಡಾಕ್ಟ್ರೇ. ಮೊದಮೊದಲು ತಿದ್ದುತ್ತಿದ್ದೆ, ಆಮೇಲೆ ತಿದ್ದುವುದೂ ಒಂದು ಕೆಲಸವೇ ಅನ್ನಿಸಿ ಬಿಟ್ಟೆ.

ಆ ವರ್ಷ ಮೇಲಿನಿಂದ ಒಂದು ಅಪ್ಪಣೆ ಬಂತು. ಪ್ರತಿಯೊಬ್ಬರೂ ತಮ್ಮ ವ್ಯಾಪ್ತಿಯಲ್ಲಿ ಒಬ್ಬ ರೈತರಿಂದಾದರೂ ರಸಮೇವಿನ ಗುಂಡಿ ಮಾಡಿಸಿ ಫೋಟೋ ಕಳಿಸಬೇಕು. ಜೊತೆಗೊಂದು ಕರಪತ್ರ. ‘ಗಾಳಿ ಹೋಗದಂತೆ ಒತ್ತಾಗಿ ತುಳಿಯಬೇಕು’ ಎಂಬ ಸಾಲನ್ನು ಅದರಲ್ಲಿ ದಪ್ಪಕ್ಷರದಲ್ಲಿ ಅಚ್ಚು ಮಾಡಿದ್ದರು. ನಾನು ಮನೆಮನೆ ಹತ್ತಿಳಿದೆ. ‘ಹಸೀದು ಮುಚ್ಚಿಟ್ರ ಕೊಳೀತೈತಿ, ಇದು ಸಣ್ಣ ಹುಡುಗ್ರಿಗೂ ಗೊತ್ತೈತಿ’ ಅಂತ ಎಲ್ಲರೂ ನಕ್ಕರು. ಅವರ ನಗುವಿನಲ್ಲಿ ತಪ್ಪೇನಿರಲಿಲ್ಲ. ಒಣಗಿಸಿ, ಗಾಳಿ ಆಡುವಂತೆ ಬಣವೆ ಒಟ್ಟುವ ಊರು ಅದು. ನನಗೂ ಪೂರ್ತಿ ನಂಬಿಕೆ ಇರಲಿಲ್ಲ, ಒಂದು ಗುಂಡಿಯನ್ನೂ ಕಣ್ಣಾರೆ ಕಂಡವನಲ್ಲ ನಾನು.

ಒಪ್ಪಿದವಳು ನಾಗಮ್ಮ ಒಬ್ಬಳೇ.

ನಾಗಮ್ಮನಿಗೆ ಆಗ ನಲವತ್ತರ ಹತ್ತಿರ. ಮೂರು ಎಮ್ಮೆ ಕಟ್ಟಿದ್ದಳು, ಕೊಟ್ಟೂರಿನ ಎರಡು ಹೋಟೆಲಿಗೆ ಹಾಲು ಹಾಕುತ್ತಿದ್ದಳು. ತವರು ಹಂಪಸಾಗರದ ಹತ್ತಿರ. ಬೇಸಿಗೆಯಲ್ಲಿ ಅಣೆಕಟ್ಟಿನ ಹಿನ್ನೀರು ಸರಿದ ಕಡೆ ಅಲ್ಲಿ ಹಸಿರು ಹುಲ್ಲು ಚಿಗುರುತ್ತದೆ. ಹಾಗಾಗಿ ಪ್ರತಿ ವರ್ಷ ಶಿವರಾತ್ರಿ ಮುಗಿದೊಡನೆ ಅವಳ ಗಂಡ ಸಿದ್ದಪ್ಪ ಎಮ್ಮೆಗಳನ್ನು ಎರಡು ದಿನ ನಡೆಸಿಕೊಂಡು ಹೋಗಿ ಅವಳ ಅಣ್ಣನ ಮನೆಗೆ ಬಿಟ್ಟು ಬರುತ್ತಿದ್ದ. ಮಳೆ ಬಿದ್ದ ಮೇಲೆ ಮರಳಿ ತರುವುದು. ಹಿಂದಿನ ಬೇಸಿಗೆಯಲ್ಲಿ ಬೂದಿ ಎಂಬ ಎಮ್ಮೆ ಆ ದಾರಿಯಲ್ಲೇ ಕಂದು ಹಾಕಿತ್ತು. ತಿಂಗಳು ತುಂಬದ ಕರು ರಸ್ತೆಯ ಬದಿಗೆ ಬಿದ್ದುಹೋಗಿತ್ತು. ಈಗ ಬೂದಿ ಮತ್ತೆ ಗಬ್ಬವಾಗಿತ್ತು. ಯುಗಾದಿಯ ಆಚೀಚೆ ಈಯಬೇಕು.

‘ಈ ಸಲ ಬೂದಿನ್ನ ನಡಸಂಗಿಲ್ರಿ ಡಾಕ್ಟ್ರೆ’ ಅಂದಳು ನಾಗಮ್ಮ. ‘ಅಲ್ಲಿ ಬಿದ್ದ ಕರಾನ್ನ ಅದು ಎಷ್ಟೊತ್ತು ಮೂಸಿ ನೋಡಿತಂತ ಗೊತ್ತೇನ್ರಿ? ನಮ್ಮ ಮನೆಯವ್ರು ಎಳದ್ರೂ ಬರಲಿಲ್ಲಂತ. ನಿಮ್ಮ ಗುಂಡ್ಯಾಗ ಬ್ಯಾಸಿಗಿ ಪೂರ್ತಿ ಆಗೋವಷ್ಟು ಮೇವು ಇರ್ತೈತೇನು, ಅಷ್ಟು ಹೇಳ್ರಿ.’

‘ಇರ್ತೈತಿ ನಾಗಮ್ಮ. ಸರಿಯಾಗಿ ತುಳಿದ್ರ ಒಂದು ಹಿಡಿ ಕೆಡಂಗಿಲ್ಲ.’

ಇಷ್ಟು ಧೈರ್ಯದಿಂದ ಹೇಳಿದ ಮಾತು ನನ್ನ ನೌಕರಿಯಲ್ಲಿ ಇನ್ನೊಂದಿರಲಿಕ್ಕಿಲ್ಲ. ಅವಳು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಂತೆ ಇಟ್ಟುಕೊಂಡಳು.

ಮನೆಯ ಹಿರಿಯ ನಾಗಮ್ಮನ ಮಾವ ಕೊಟ್ರಪ್ಪಜ್ಜ. ಎಪ್ಪತ್ತು ದಾಟಿದ್ದರೂ ಸೆಟೆದು ನಡೆಯುವ ಮನುಷ್ಯ. ಮೂರು ಬೆರಳು ವಿಭೂತಿ, ಹೆಗಲ ಮೇಲೆ ಕರಿ ಕಂಬಳಿ. ನನ್ನನ್ನು ಕಂಡ ಮೊದಲ ದಿನವೇ ಕೇಳಿದ್ದ, ‘ಯಾವ ಊರಪಾ? ಅಪ್ಪ ಏನು ಮಾಡ್ತಾನ?’ ಹಡಗಲಿ ಕಡೆ ಅಂದೆ. ಅಪ್ಪ ಕೂಲಿ ಅಂದೆ. ಅಜ್ಜ ‘ಹೂಂ’ ಅಂದು ಮುಂದೆ ಕೇಳಲಿಲ್ಲ. ಆ ‘ಹೂಂ’ ಎಲ್ಲವನ್ನೂ ತಿಳಿದುಕೊಂಡ ‘ಹೂಂ’ ಅಂತ ನನಗೆ ಗೊತ್ತು. ಆದರೂ ನೀರು ಕೊಟ್ಟರು, ಚಹಾ ಕೊಟ್ಟರು, ಜಗುಲಿಯ ಮೇಲೆ ಕೂರಿಸಿದರು. ಸಂಬಳದ ನೌಕರಿ ನಮ್ಮ ಕೇರಿಯವರಿಗೆ ಕೊಟ್ಟ ದೊಡ್ಡ ಅನುಕೂಲ ಆ ಜಗುಲಿ. ಅದರ ಮೇಲೆ ಕುಳಿತಾಗಲೆಲ್ಲ ನಾನು ತುದಿಗೇ ಕೂರುತ್ತಿದ್ದೆ ಎಂಬುದು ಮಾತ್ರ ಬಹಳ ವರ್ಷದ ಮೇಲೆ ಗಮನಕ್ಕೆ ಬಂತು.

ಅಜ್ಜ ರಸಮೇವಿಗೆ ‘ಎಮ್ಮಿ ಉಪ್ಪಿನಕಾಯಿ’ ಅಂತ ಹೆಸರಿಟ್ಟ. ಗೇಲಿ ಮಾಡುತ್ತಲೇ ಗುಂಡಿಗೆ ಜಾಗ ಹುಡುಕಿಕೊಟ್ಟವನೂ ಅವನೇ. ಹಿತ್ತಲಲ್ಲಿ ಹಿಂದೆ ಅವರ ಮನೆಯ ಹಗೇವು ಇತ್ತಂತೆ. ಹಗೇವೆಂದರೆ ಜೋಳ ತುಂಬಿಡುವ ನೆಲಮಾಳಿಗೆಯಂಥ ಗುಂಡಿ. ಸುತ್ತ ಹುಲ್ಲಿನ ಹೊದಿಕೆ ಕೊಟ್ಟು, ಕಾಳು ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಎರಡು ಮೂರು ವರ್ಷ ಕಾಳು ಇರುತ್ತಿತ್ತು. ಚೀಲ, ಗೋದಾಮು ಬಂದ ಮೇಲೆ ಅದನ್ನು ಮುಚ್ಚಿದ್ದರು. ‘ಎತ್ತರದ ಜಾಗ, ನೀರು ನಿಂದ್ರಂಗಿಲ್ಲ, ಇಲ್ಲೇ ತೋಡ್ರಿ’ ಅಂದ. ಹನ್ನೆರಡು ಅಡಿ ಉದ್ದ, ಆರು ಅಡಿ ಅಗಲ, ಎದೆಮಟ್ಟ ಆಳ. ಎತ್ತು ಇಳಿದು ಹತ್ತಲು ಒಂದು ಕಡೆ ಇಳಿಜಾರು. ಸಿದ್ದಪ್ಪ ನಾಲ್ಕು ದಿನದಲ್ಲಿ ತೋಡಿ ಮುಗಿಸಿದ.

ಒಂದು ಭಾನುವಾರ ತುಂಬುವುದೆಂದಾಯಿತು. ತೆನೆಯ ಕಾಳನ್ನು ಉಗುರಿನಿಂದ ಒತ್ತಿದರೆ ಹಾಲು ಗಟ್ಟಿಯಾಗುತ್ತಾ ಬಂದಿರಬೇಕು, ಆ ಹದ ಮೀರಿದರೆ ಮೆಕ್ಕೆಜೋಳ ಕಟ್ಟಿಗೆಯಾಗುತ್ತದೆ. ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಅಜ್ಜ ಗುಂಡಿಯೊಳಗೆ ಇಳಿದು ಕೂತಿದ್ದ. ಗೋಡೆಯ ಸುತ್ತಲೂ ಒಂದು ಗೇಣು ದಪ್ಪಕ್ಕೆ ಒಣ ಹುಲ್ಲನ್ನು ನೀಟಾಗಿ ನಿಲ್ಲಿಸಿ, ಹುರಿ ಹೊಸೆದು ಕಟ್ಟುತ್ತಿದ್ದ. ಕಟ್ಟು ಒಂದೂ ಸಡಿಲ ಇರಲಿಲ್ಲ. ಅಷ್ಟು ಅಚ್ಚುಕಟ್ಟಾದ ಕೆಲಸವನ್ನು ನಾನು ಆಮೇಲೆ ಕಂಡಿಲ್ಲ.

ಒಣ ಹುಲ್ಲೆಂದರೆ ಗಾಳಿ. ಗೋಡೆಯುದ್ದಕ್ಕೂ ಮೇಲಿಂದ ಕೆಳಗಿನವರೆಗೆ ಗಾಳಿಗೊಂದು ಓಣಿ ಮಾಡಿಕೊಟ್ಟಂತೆ.

‘ಅಜ್ಜಾರ, ಈ ಹುಲ್ಲು ಬ್ಯಾಡಿತ್ತು ಅನಸ್ತೈತ್ರಿ. ಅಂಚಿಗೆ ಗಾಳಿ ಹೋಗ್ತೈತಿ’ ಅಂದೆ.

ಅಜ್ಜ ತಲೆ ಎತ್ತಲಿಲ್ಲ. ‘ಮಣ್ಣಿನ ಥಂಡಿ ತಾಗಿದ್ರ ಮೇವು ಉಳೀತೈತೇನಪಾ? ಹುಲ್ಲಿಲ್ಲದ ಹಗೇವು ಯಾರು ಕಟ್ಯಾರ? ನಮ್ಮಪ್ಪ ಕಟ್ಟಿದ್ದ, ನಾ ಕಟ್ಟೀನಿ. ನಿಮ್ಮ ಪುಸ್ತಕದಾಗ ಹಗೇವು ಐತೇನು?’

ಪುಸ್ತಕದಲ್ಲಿ ಇರಲಿಲ್ಲ. ಆದರೆ ಹಗೇವು ನನಗೆ ಗೊತ್ತಿತ್ತು, ಅಜ್ಜನಿಗಿಂತ ಚೆನ್ನಾಗಿ ಗೊತ್ತಿತ್ತು. ನಮ್ಮಪ್ಪ ಊರಿನ ದೊಡ್ಡ ಮನೆಗಳ ಹಗೇವಿಗೆ ಇಳಿಯುತ್ತಿದ್ದವನು. ಬಾಯಿ ತೆರೆದು ಅರ್ಧ ದಿನ ಬಿಟ್ಟು, ಕಂದೀಲು ಇಳಿಬಿಟ್ಟು, ದೀಪ ಆರದಿದ್ದರೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯುವುದು. ನಡುವಿನ ಕಾಳು ಮನೆಯವರಿಗೆ. ಹುಲ್ಲಿಗೆ ತಾಗಿ ಮುಗ್ಗಿದ ಅಂಚಿನ ಕಾಳು ಇಳಿದವನಿಗೆ. ಹುಲ್ಲಿನ ಮಗ್ಗುಲಲ್ಲಿ ಏನಾಗುತ್ತದೆಂದು ನನಗೆ ಯಾವ ಕರಪತ್ರವೂ ಹೇಳಬೇಕಿರಲಿಲ್ಲ. ಆ ಮಾತನ್ನು ಅಲ್ಲಿ ಹೇಳಬಹುದಿತ್ತು. ಹೇಳಿದರೆ ಅಪ್ಪ ಯಾರೆಂದು ಹೇಳಿದಂತಾಗುತ್ತಿತ್ತು. ಜಗುಲಿ ನೆನಪಾಯಿತು. ನಾನು ಎರಡನೇ ಸಲ ಹೇಳಲಿಲ್ಲ.

ಕೆಲಸ ಶುರುವಾಯಿತು. ಹೊಲದಿಂದ ಕಡಿದು ತರುವವರು ನಾಲ್ವರು, ಮೋಟಾರಿನ ಕೊಚ್ಚುವ ಯಂತ್ರಕ್ಕೆ ಕೊಡುವವನು ಸಿದ್ದಪ್ಪ, ಬುಟ್ಟಿಯಲ್ಲಿ ಹೊತ್ತು ಸುರಿಯುವವರು ನಾಗಮ್ಮ ಮತ್ತು ಓಣಿಯ ಮೂವರು ಹೆಂಗಸರು. ಅಜ್ಜ ಒಂದೊಂದೇ ಎತ್ತನ್ನು ಇಳಿಸಿ ತುಳಿಸುತ್ತಿದ್ದ. ಮಧ್ಯಾಹ್ನಕ್ಕೆ ಕರೆಂಟು ಹೋಯಿತು. ಬಂದಾಗ ಸಂಜೆ ನಾಲ್ಕು. ಹೊತ್ತು ಮುಳುಗುವಾಗ ಗುಂಡಿ ಅರ್ಧ ತುಂಬಿತ್ತು. ಮೇಲೊಂದು ತಾಡಪಾಲು ಎಳೆದು ಮನೆಗೆ ಹೋದೆವು.

ಮರುದಿನ ಸೋಮವಾರ.

ನಾನಿದನ್ನು ಯೋಚಿಸಿಯೇ ಇರಲಿಲ್ಲ. ಆ ಮನೆಗಳಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ. ಬಸವಣ್ಣನ ವಾರ, ಎತ್ತಿಗೆ ರಜೆ. ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಎರಡೂ ಎತ್ತುಗಳನ್ನು ಬೇವಿನ ನೆರಳಿಗೆ ಕಟ್ಟಿದ್ದರು. ಅವು ಮೆಲುಕು ಹಾಕುತ್ತಾ ನಮ್ಮನ್ನು ನೋಡುತ್ತಿದ್ದವು.

‘ಅಜ್ಜಾರ, ನೊಗ ಹೂಡೋದು ಬ್ಯಾಡ್ರಿ. ಬರೇ ಅಡ್ಡಾಡಿದ್ರ ಸಾಕು’ ಅಂದೆ.

‘ಅಡ್ಡಾಡ್ಸೋದೂ ದುಡಿಸಿದಂಗ ಅಲ್ಲೇನು? ನಾಳಿಗೆ ಮಾಡೂಣು.’

ನಾಳೆಗೆ ಬಿಡುವಂತಿರಲಿಲ್ಲ. ತಾಡಪಾಲು ಎತ್ತಿ ಕೈ ಇಟ್ಟರೆ ಮೇವು ಆಗಲೇ ಬೆಚ್ಚಗಾಗಿತ್ತು. ಪಡುವಣದಲ್ಲಿ ಮೋಡ ಬೇರೆ ಕಟ್ಟುತ್ತಿತ್ತು. ಇವತ್ತು ತುಂಬಿ, ತುಳಿದು, ಮುಚ್ಚಲೇಬೇಕೆಂದು ಹೇಳಿದೆ. ಅಜ್ಜ ಕಂಬಳಿ ಸರಿಪಡಿಸಿಕೊಂಡು ಎತ್ತಿನ ಪಕ್ಕ ಹೋಗಿ ಕೂತ. ಅದೇ ಅವನ ಉತ್ತರ.

ನಾಗಮ್ಮ ಬುಟ್ಟಿ ಕೆಳಗಿಟ್ಟಳು. ಸೀರೆಯ ಕಚ್ಚೆ ಬಿಗಿದಳು. ‘ಎತ್ತಿಗೆ ಸೋಮವಾರ ಐತಿ. ನಮಗ ಯಾವತ್ತರ ಸೋಮವಾರ ಬಂದೈತೇನ್ರವ್ವಾ? ಬರ್ರಿ ಇಳೀರಿ’ ಅಂತ ಗುಂಡಿಗೆ ಹಾರಿಯೇಬಿಟ್ಟಳು. ಹೆಂಗಸರು ನಗುತ್ತಾ ಹಿಂದೆ ಇಳಿದರು. ನಾನು ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿ ಇಳಿದೆ. ಒಂದು ಕ್ಷಣ ಅಜ್ಜನ ಕಡೆ ನೋಡಿದೆ. ಅವನು ಎತ್ತಿನ ಕೊರಳು ತಡವುತ್ತಾ ಕೂತಿದ್ದ.

ಆ ದಿನದ ದಣಿವನ್ನು ಏನಂತ ಬರೆಯಲಿ. ಬುಟ್ಟಿ ಬುಟ್ಟಿ ಮೇವು ಬೀಳುವುದು, ನಾವು ಒಬ್ಬರ ಹೆಗಲು ಒಬ್ಬರು ಹಿಡಿದು ಸುತ್ತು ಹಾಕುವುದು. ಎತ್ತು ಒಂದು ಹೆಜ್ಜೆಗೆ ಅದುಮುವುದನ್ನು ಮನುಷ್ಯ ಹತ್ತು ಹೆಜ್ಜೆಗೂ ಅದುಮಲಾರ. ಕಾಲು ಮೊಳಕಾಲವರೆಗೆ ಹೂತು, ಎಳೆದು, ಮತ್ತೆ ಹೂತು. ಮೆಕ್ಕೆಜೋಳದ ಗರಿ ಮೀನಖಂಡಗಳನ್ನೆಲ್ಲ ಗೀರಿತ್ತು, ಬೆವರು ಇಳಿದು ಉರಿಯುತ್ತಿತ್ತು. ಮೊದಲು ಹೆಂಗಸರು ಹಾಡಿದರು, ಆಮೇಲೆ ಬರೀ ಎಣಿಸಿದರು, ಆಮೇಲೆ ಎಣಿಸುವುದನ್ನೂ ಬಿಟ್ಟರು. ಉಸಿರಿನ ಸದ್ದು ಮಾತ್ರ. ನಾನು ಗೋಡೆಯ ಬದಿ ಹಿಡಿದಿದ್ದೆ. ಅಲ್ಲಿ ಕಾಲಿಟ್ಟಾಗಲೆಲ್ಲ ಹುಲ್ಲು ಹಾಸಿಗೆಯಂತೆ ಪುಟಿದು ಮೇಲೇಳುತ್ತಿತ್ತು. ನೂರು ಸಲ ತುಳಿದರೂ ನೂರು ಸಲ ಎದ್ದಿತು. ನಾನು ಹೇಳದೆ ಬಿಟ್ಟದ್ದನ್ನು ಆ ಹುಲ್ಲು ಪಾದಕ್ಕೆ ಹೇಳುತ್ತಲೇ ಇತ್ತು. ಬಾಯಿ ಮುಚ್ಚಿಕೊಂಡು ತುಳಿದೆ.

ನಾಲ್ಕು ಗಂಟೆಗೆ ಗುಂಡಿ ತುಂಬಿ ಬೆನ್ನು ಉಬ್ಬಿತು. ಪ್ಲಾಸ್ಟಿಕ್ ಹೊದಿಸಿ, ಮಣ್ಣು ಎಳೆದು, ಸಗಣಿ ಸಾರಿಸಿ ಮುಗಿಸಿದಾಗ ಮೊದಲ ಹನಿ ಬಿತ್ತು. ನಾಗಮ್ಮ ಮಳೆಯಲ್ಲೇ ನೆಲಕ್ಕೆ ಕೂತು ಬಿಟ್ಟಳು. ‘ಬೂದಿ, ನಿನ್ನ ಸಲುವಾಗಿ ನಾ ಎಮ್ಮಿ ಆದೆ ನೋಡಲೇ’ ಅಂತ ಕೊಟ್ಟಿಗೆ ಕಡೆ ಕೂಗಿ ನಕ್ಕಳು. ನಾನು ಫೋಟೋ ತೆಗೆದೆ. ಆ ಫೋಟೋ ಕಚೇರಿಗೆ ಹೋಯಿತು, ಮೆಚ್ಚುಗೆಯೂ ಬಂತು.

ಪುಷ್ಯ ಮುಗಿಯುವ ಹೊತ್ತಿಗೆ ಜೋಳದ ಒಣ ಸೊಪ್ಪೆ ತೀರಿತು, ಗುಂಡಿ ತೆರೆಯುವ ದಿನ ಬಂತು. ನೋಡಲು ಅರ್ಧ ಊರು ಸೇರಿತ್ತು. ಪ್ಲಾಸ್ಟಿಕ್ ಸರಿಸಿ ನಡುವಿನ ಮೇವನ್ನು ಹಿಡಿಯಷ್ಟು ಎತ್ತಿದೆ. ಹಳದಿ ಹಸಿರು ಬಣ್ಣ, ಹುಳಿಸಿಹಿ ವಾಸನೆ. ಹಿಂಡಿದರೆ ಅಂಗೈ ಒದ್ದೆ ಅಷ್ಟೇ. ಬೂದಿಯ ಮುಂದೆ ಹಾಕಿದರೆ ಮೂತಿ ಎತ್ತದೆ ತಿಂದಿತು. ನಾಗಮ್ಮನ ಕಣ್ಣಲ್ಲಿ ನೀರು ಬಂತು. ಜನ ‘ಭಲೇ ಡಾಕ್ಟ್ರೆ’ ಅಂದರು. ಒಂದು ಗಂಟೆಯ ಮಟ್ಟಿಗೆ ನಾನು ದೊಡ್ಡ ಮನುಷ್ಯನಾಗಿದ್ದೆ.

ಅಂಚಿಗೆ ಸಲಿಕೆ ಹಾಕಿದಾಗ ಆ ವಾಸನೆ ಎದ್ದಿತು. ಎರಡೂ ಮಗ್ಗುಲಲ್ಲಿ ಹುಲ್ಲಿನಿಂದ ಒಳಕ್ಕೆ ಒಂದು ಗೇಣು, ಕೆಲವು ಕಡೆ ಒಂದು ಮೊಳ, ಮೇವು ಕಪ್ಪಾಗಿ ಮುದ್ದೆಗಟ್ಟಿತ್ತು. ಅದರ ಮೇಲೆ ಬಿಳಿ ಬೂಷ್ಟು. ಆರು ಅಡಿ ಅಗಲದ ಗುಂಡಿಯಲ್ಲಿ ಎರಡು ಬದಿ ಅಷ್ಟಷ್ಟು ಹೋದರೆ ಉಳಿಯುವುದೆಷ್ಟು? ಯುಗಾದಿವರೆಗೆ ಮೂರೂ ಎಮ್ಮೆಗೆ ಸಾಲದು. ಸಿದ್ದಪ್ಪ ನನ್ನ ಮುಖ ನೋಡಿದ.

‘ಈ ಕರಿದನ್ನ ತಿಪ್ಪಿಗೆ ಹಾಕ್ರಿ. ಎಮ್ಮಿಗೆ ಬ್ಯಾಡ್ರಿ, ಅದ್ರಾಗೂ ಗಬ್ಬದ ಎಮ್ಮಿಗೆ ಬ್ಯಾಡೇ ಬ್ಯಾಡ’ ಅಂದೆ.

ಅಜ್ಜ ಮುಂದೆ ಬಂದು ಒಂದು ಮುದ್ದೆ ಎತ್ತಿ ಮುರಿದು ನೋಡಿದ. ‘ಅರ್ಧಾಕರ್ಧ ತಿಪ್ಪಿಗೆ ಚೆಲ್ಲು ಅಂತಿಯೇನು? ಬಿಸಿಲಿಗೆ ಹರವಿದ್ರ ಮುಗ್ಗು ಹೋಗ್ತೈತಿ. ಹಗೇವಿನ ಅಂಚಿನ ಜೋಳ ಹಂಗ ಹರವಿ, ಕೇರಿ ಮಂದಿ ವರ್ಷಗಟ್ಟಲೆ ತಿಂದಾರ. ಅವ್ರಿಗೇನಾತು? ಮನುಷ್ಯಾರು ತಿಂದದ್ದು ಎಮ್ಮಿಗೆ ಆಗಂಗಿಲ್ಲೇನು?’

ಸುತ್ತ ನಿಂತವರು ಹೌದೆಂದು ತಲೆಯಾಡಿಸಿದರು. ಅಜ್ಜ ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಸೊಸೆಯ ಎಮ್ಮೆ ಮನೆಯಲ್ಲೇ ಉಳಿಯಲಿ ಅಂತ, ಚೆಲ್ಲುವುದನ್ನು ಉಳಿಸಲು ಹೇಳಿದ. ಅದು ನನಗೆ ಗೊತ್ತಿತ್ತು. ಆದರೆ ಮಾತು ನೇರ ಎದೆಗೆ ನಾಟಿತು. ಏನೂ ಆಗಲಿಲ್ಲ ಅಂತ ಇವನಿಗೆ ಯಾರು ಹೇಳಿದರು? ಹೇಳಬೇಕಾದ ನಾನು ಎದುರಿಗೇ ನಿಂತಿದ್ದೆ. ಸಿಟ್ಟು ಬಂದಿತ್ತು, ಅದಕ್ಕಿಂತ ಹೆಚ್ಚು ನಾಚಿಕೆಯಾಗಿತ್ತು. ನೌಕರನಾಗಿ ಹೇಳಬೇಕಾದ್ದನ್ನು ಒಂದು ಸಲ ಹೇಳಿದ್ದೇನಲ್ಲ, ಇನ್ನು ಅವರುಂಟು ಅವರ ಎಮ್ಮೆ ಉಂಟು ಅಂದುಕೊಂಡು ಚೀಲ ಹೆಗಲಿಗೇರಿಸಿ ಬಂದುಬಿಟ್ಟೆ. ಇವತ್ತಿಗೂ ನನ್ನನ್ನು ಸುಡುವುದು ಹುಲ್ಲಿನ ದಿನದ ಮೌನವಲ್ಲ, ಈ ದಿನದ್ದು. ಹುಲ್ಲಿನ ದಿನ ಹೆದರಿ ಸುಮ್ಮನಾದೆ. ಈ ದಿನ ಮುನಿಸಿನಿಂದ ಸುಮ್ಮನಾದೆ.

ಮೂರು ವಾರವಾಗಿರಬೇಕು. ಮಧ್ಯಾಹ್ನ ಸಿದ್ದಪ್ಪ ಸೈಕಲ್ ಮೇಲೆ ಬಂದ. ‘ಬೂದಿ ಕಂದು ಹಾಕೈತ್ರಿ’ ಅಂದ. ಅಷ್ಟೇ ಅಂದ.

ನಾನು ಹೋದಾಗ ಬೂದಿ ಬೇವಿನ ನೆರಳಲ್ಲಿ ನಿಂತಿತ್ತು. ಮುಂದೆ ಗೋಣಿಚೀಲ ಮುಚ್ಚಿದ ಸಣ್ಣ ಗುಡ್ಡೆ. ಎಮ್ಮೆ ಅದನ್ನೇ ಮೂಸುತ್ತಿತ್ತು. ಹಿತ್ತಲಲ್ಲಿ ಕಪ್ಪು ಮೇವು ಅಚ್ಚುಕಟ್ಟಾಗಿ ಬಿಸಿಲಿಗೆ ಹರವಿತ್ತು, ಅರ್ಧಕ್ಕೂ ಹೆಚ್ಚು ಖಾಲಿಯಾಗಿತ್ತು. ಬೇರೆ ಕಾರಣವೂ ಇದ್ದೀತು. ಹಿಂದೆ ಒಮ್ಮೆ ಹಾಕಿದ ಎಮ್ಮೆ, ಮತ್ತೆ ಹಾಕುವುದುಂಟು. ಕಾಗದದ ಮೇಲೆ ಹಾಗೇ ಬರೆದೆ. ಕೆಲಸ ಮುಗಿಸಿ ಕೈ ತೊಳೆಯುವಾಗ ನಾಗಮ್ಮ ತಂಬಿಗೆ ಹಿಡಿದು ನಿಂತಿದ್ದಳು.

‘ಎರಡು ದಿನದ ದಾರಿ ನಡಸಬಾರ್ದಂತ ಇಷ್ಟೆಲ್ಲ ಮಾಡಿದ್ದು’ ಅಂದಳು. ದನಿ ಏರಲಿಲ್ಲ. ‘ಮನಿ ಬಾಗ್ಲಾಗ ಹಾಕ್ತು. ಆ ಮೇವು ಅಷ್ಟು ಕೆಟ್ಟದ್ದಂತ ನಿಮಗ ಗೊತ್ತಿತ್ತೇನ್ರಿ?’

‘ಗೊತ್ತಿತ್ತು.’

‘ಹುಲ್ಲಿಂದೂ ಗೊತ್ತಿತ್ತೇನು?’

‘ಹೇಳಿದ್ದೆ ನಾಗಮ್ಮ. ಒಂದ್ಸಲ.’

‘ನಾವು ನಿಮ್ಮ ಒಂದು ಮಾತಿಗೆ ದಿನ ಪೂರ್ತಿ ತುಳಿದ್ವಿ. ನೀವು ಎರಡ್ಸಲ ಹೇಳಬೇಕಿತ್ತು.’

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಜ್ಜ ಜಗುಲಿಯ ಮೇಲೆ ಕೂತಿದ್ದ. ಕಂಬಳಿ ಜಾರಿ ತೊಡೆಯ ಮೇಲೆ ಬಿದ್ದಿತ್ತು. ನಾನು ಹೋಗಿ ಅವನ ಎದುರು ನಿಂತೆ. ಅಲ್ಲಿಯವರೆಗೆ ಆ ಊರಿನಲ್ಲಿ ಯಾರಿಗೂ ಹೇಳದ ಮಾತು ತಾನಾಗಿ ಹೊರಬಂತು.

‘ಅಜ್ಜಾರ, ನಮ್ಮಪ್ಪ ಹಗೇವಿಗೆ ಇಳೀತಿದ್ದ. ಅಂಚಿನ ಜೋಳ ತಿಂದ ಕೇರಿ ಮಂದಿ ಅಂದ್ರಲ್ಲ, ಅದ್ರಾಗ ನಾನೂ ಒಬ್ಬ.’

ಅಜ್ಜ ತಲೆ ಎತ್ತಿ ನೋಡಿದ.

‘ಏನೂ ಆಗಲಿಲ್ಲ ಅಂದ್ರಿ. ಎಷ್ಟು ಹರವಿದ್ರೂ ಅದರ ಕಹಿ ಹೋಗ್ತಿದ್ದಿಲ್ರಿ. ನಮ್ಮವ್ವ ರೊಟ್ಟಿಗೆ ಬೆಲ್ಲ ಸವರಿ ಕೊಡ್ತಿದ್ಲು, ಆಕಿ ಮಾತ್ರ ಬರೇ ರೊಟ್ಟಿ ತಿಂತಿದ್ಲು. ನಾವು ಹೊಟ್ಟಿ ಹಿಡಕೊಂಡು ಹೊರಳಾಡಿದ್ದು ಐತಿ. ನಿಮ್ಮ ಓಣಿತನ ಬಂದು ಯಾರೂ ಹೇಳಲಿಲ್ಲ, ಅಷ್ಟೇ.’

ಬೂದಿ ಒಮ್ಮೆ ಕೂಗಿತು. ಅಜ್ಜ ತನ್ನ ಅಂಗೈ ನೋಡಿಕೊಳ್ಳುತ್ತಾ ಹೇಳಿದ. ‘ಅಂಚಿಂದು ಅಷ್ಟು ಕೆಟ್ಟಿರ್ತಿತ್ತು ಅಂತ ನಮಗ ಗೊತ್ತ ಇದ್ದಿಲ್ಲಪಾ. ನಮ್ಮ ಮನ್ಯಾಗ ಅದು ಬರ್ತಾನ ಇದ್ದಿಲ್ಲ. ಕಟ್ಟಿದ್ದು ನಾವು, ತಿಂದೋರು ನೀವು. ಹೆಂಗೈತಿ ಅಂತ ಒಂದಿನ ಕೇಳಲಿಲ್ಲ.’

ಅಷ್ಟು ಹೇಳಿ ಎದ್ದ. ಗುಂಡಿಗೆ ಇಳಿದು, ಉಳಿದಿದ್ದ ಹುಲ್ಲಿನ ಹೊದಿಕೆಯನ್ನು ತನ್ನ ಕೈಯಿಂದಲೇ ಕಿತ್ತು ಕಿತ್ತು ಮೇಲಕ್ಕೆ ಎಸೆದ. ಸಿದ್ದಪ್ಪ ತಡೆಯಲು ಹೋದ, ಅಜ್ಜ ಬಿಡಲಿಲ್ಲ. ನಾನೂ ಇಳಿದು ಆಚೆ ಬದಿಯಿಂದ ಕೀಳತೊಡಗಿದೆ.

ಉಳಿದ ಎರಡು ಎಮ್ಮೆಗಳು ಶಿವರಾತ್ರಿ ಮುಗಿದ ಮೇಲೆ ಹಂಪಸಾಗರದ ದಾರಿ ಹಿಡಿದವು. ಬೂದಿಯನ್ನು ಮನೆಯಲ್ಲೇ ಇಟ್ಟುಕೊಂಡಳು ನಾಗಮ್ಮ. ಗುಂಡಿಯ ನಡುವಿನ ಮೇವು ಅದೊಂದಕ್ಕೆ ಸಾಕಾಯಿತು. ಕರುವಿಲ್ಲದ, ಹಾಲಿಲ್ಲದ ಎಮ್ಮೆ ಬೇಸಿಗೆ ಪೂರ್ತಿ ಒಳ್ಳೆಯ ರಸಮೇವು ತಿಂದು ಮೈ ತುಂಬಿಕೊಂಡಿತು. ಮಳೆ ಬೀಳುವ ಮೊದಲೇ ನನಗೆ ಕೂಡ್ಲಿಗಿ ಕಡೆ ವರ್ಗವಾಯಿತು. ಹೊರಡುವ ದಿನ ಹೇಳಿ ಬರಲು ಹೋದೆ. ನಾಗಮ್ಮ ಹೊಲಕ್ಕೆ ಹೋಗಿದ್ದಳು. ಅಜ್ಜ ಜಗುಲಿ ತೋರಿಸಿ ‘ಒಳಗ ಸರದು ಕೂಡಪಾ’ ಅಂದ. ಕೂತೆ. ಆಮೇಲೆ ನಾನು ಆ ಊರಿಗೆ ಹೋಗಲಿಲ್ಲ. ಮರುವರ್ಷ ಅವರು ಮತ್ತೆ ಗುಂಡಿ ತುಂಬಿದರೋ ಇಲ್ಲವೋ, ಗೊತ್ತಿಲ್ಲ. ಕೇಳಲು ಧೈರ್ಯ ಸಾಲಲಿಲ್ಲ ಎನ್ನುವುದೇ ನಿಜ.

ಮಂಜುನಾಥ ನೀರು ತಂದುಕೊಟ್ಟ. ಕುಡಿದು, ಹೊಸ ಗುಂಡಿಯ ಕಡೆ ನೋಡಿದೆ. ಗೋಡೆಗೆ ತಾಗೀತೆಂಬ ಭಯಕ್ಕೆ ಟ್ರ್ಯಾಕ್ಟರಿನವನು ನಡುವಿನಲ್ಲೇ ಓಡಾಡುತ್ತಿದ್ದ. ಎರಡೂ ಬದಿ ಮೇವು ಸಡಿಲಾಗಿ ಉಬ್ಬಿತ್ತು.

‘ಮಂಜು, ಅಂಚು ತುಳಿಸು. ಗಾಳಿ ಅಲ್ಲೇ ಇರ್ತೈತಿ’ ಅಂದೆ.

‘ಆತು ಸಾರ್. ಅಂಚಿಗೆ ಸ್ವಲ್ಪ ಹೋಗೇ ಹೋಗ್ತೈತಿ, ಹೋದ ವರ್ಷಾನೂ ಹೋಗಿತ್ತು. ತಲಿ ಕೆಡಿಸ್ಕಬ್ಯಾಡ್ರಿ’ ಅಂದ.

‘ಕೆಟ್ಟದ್ದನ್ನ ಏನು ಮಾಡಿದಿ?’

‘ಆಳು ಒಯ್ತಾನ್ರಿ, ಅವನ ಮನ್ಯಾಗ ಎರಡು ಆಕಳು ಅದಾವು. ಪುಕ್ಕಟೆ ಸಿಗ್ತೈತಲ್ರಿ, ಖುಷಿ ಅವನಿಗೆ.’

ಬುಟ್ಟಿ ಹೊತ್ತು ನಿಂತಿದ್ದ ಆಳಿನ ಮುಖ ನೋಡಿದೆ. ಅವನು ನೆಲ ನೋಡುತ್ತಿದ್ದ. ಖುಷಿಯೇ ಅಂತ ನಾನು ಅವನನ್ನು ಕೇಳಬಹುದಿತ್ತು. ಅವನು ಹೌದೆನ್ನುತ್ತಿದ್ದ.

‘ಅಂಚು ತುಳಿಸು ಮಂಜು’ ಅಂದೆ.

‘ಹೇಳಿದ್ರಲ್ಲ ಸಾರ್, ಗೊತ್ತಾತು.’

‘ಅಂಚು ತುಳಿಸು.’ ಮೂರನೇ ಸಲ ಹೇಳುವಾಗ ದನಿ ಸ್ವಲ್ಪ ಜೋರಾಯಿತೇನೋ, ಟ್ರ್ಯಾಕ್ಟರಿನವನು ಎಂಜಿನ್ ನಿಲ್ಲಿಸಿ ತಿರುಗಿ ನೋಡಿದ. ನಾನು ಚಪ್ಪಲಿ ಬಿಟ್ಟು, ಗೋಡೆ ಹಿಡಿದು, ಮೇವಿನ ಮೇಲೆ ಇಳಿದೆ. ಮಂಡಿ ಎರಡೂ ನೋಯುತ್ತವೆ ಈಗ. ಒಂದು ಬದಿ ಮುಗಿಸುವಷ್ಟರಲ್ಲೇ ಉಸಿರು ಹತ್ತಿತು. ನಿಂತು ಸುಧಾರಿಸಿಕೊಂಡು ಇನ್ನೊಂದು ಬದಿಗೆ ಹೋದೆ.